ಜಾತಕಕಥೆಗಳಲ್ಲಿ ಲೋಭ, ಅಂಟು ಮತ್ತು ಬಿಡುಗಡೆ: ಒಂದು ಜಾನಪದೀಯ ವಿವೇಚನೆ

೧

'ಆಸೆಯೇ ದುಃಖಕ್ಕೆ ಮೂಲ' ಎಂಬ ಮಾತು ಕನ್ನಡದಲ್ಲಿ ಬುದ್ಧನ ಹೆಸರಿನೊಡನೆ ಬಿಡಿಸಲಾಗದಂತೆ ಬೆಸೆದುಕೊಂಡಿದೆ. ಶಾಲೆಯ ಪಠ್ಯಪುಸ್ತಕದಿಂದ ಹಿಡಿದು ಹರಿಕಥೆಯ ವೇದಿಕೆಯವರೆಗೆ ಬೌದ್ಧ ದರ್ಶನವನ್ನು ಒಂದೇ ವಾಕ್ಯದಲ್ಲಿ ಹೇಳಬೇಕಾದಾಗಲೆಲ್ಲ ಈ ಮಾತು ಬಳಕೆಯಾಗುತ್ತದೆ. ಇದರ ಪಕ್ಕದಲ್ಲೇ ನಮ್ಮ ಜನಪದರ ಗಾದೆಯೊಂದಿದೆ: 'ಅತಿ ಆಸೆ ಗತಿ ಕೇಡು'. ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಆಡುವುದು ರೂಢಿ. ಆದರೆ ಇವೆರಡೂ ಒಂದೇ ಅಲ್ಲ. ಗಾದೆಯ ಆಕ್ಷೇಪವಿರುವುದು 'ಅತಿ' ಎಂಬುದರ ಮೇಲೆ. ಆಸೆ ಮಿತಿಯಲ್ಲಿದ್ದರೆ ಅದಕ್ಕೆ ಜನಪದರ ತಕರಾರಿಲ್ಲ. ಬೆಳೆ ಚೆನ್ನಾಗಿ ಬರಲಿ, ಮಕ್ಕಳು ಬಾಳಲಿ, ಹಟ್ಟಿ ತುಂಬಲಿ ಎಂಬ ಹಾರೈಕೆಗಳಿಲ್ಲದೆ ಸೋಬಾನೆಯೂ ಇಲ್ಲ, ಸುಗ್ಗಿಯ ಹಾಡೂ ಇಲ್ಲ. ಬೌದ್ಧ ಚಿಂತನೆ ಪ್ರಶ್ನಿಸುವುದು ಆಸೆಯ ಪ್ರಮಾಣವನ್ನಲ್ಲ, ಹಿಡಿತದ ಸ್ವರೂಪವನ್ನು.

ಈ ವ್ಯತ್ಯಾಸವನ್ನು ಮರೆತು ಜಾತಕಕಥೆಗಳನ್ನು ಓದಿದ್ದರಿಂದ ಒಂದು ನಷ್ಟವಾಗಿದೆ. ಜಾತಕಗಳು ಬಹುಮಟ್ಟಿಗೆ ಮಕ್ಕಳ ನೀತಿಕಥೆಗಳಾಗಿ, ದುರಾಸೆಗೆ ಶಿಕ್ಷೆ ತಪ್ಪದು ಎಂದು ಸಾರುವ ದೃಷ್ಟಾಂತಗಳಾಗಿ ಉಳಿದುಬಿಟ್ಟಿವೆ. ಅವುಗಳೊಳಗೆ ಲೋಭ, ಅಂಟು, ತ್ಯಾಗ ಎಂಬ ಮೂರು ಬೇರೆ ಬೇರೆ ಸಮಸ್ಯೆಗಳಿವೆ ಎಂಬುದಾಗಲಿ, ಮೂರನೆಯದರ ಬಗ್ಗೆ ಬೌದ್ಧ ಪರಂಪರೆಯೇ ಅಳುಕಿದ ಪ್ರಸಂಗಗಳಿವೆ ಎಂಬುದಾಗಲಿ ಚರ್ಚೆಗೆ ಬರುವುದು ಅಪರೂಪ. ಆಯ್ದ ಕೆಲವು ಜಾತಕಗಳನ್ನು ಆಧರಿಸಿ ಈ ಮೂರು ನೆಲೆಗಳನ್ನು ವಿಂಗಡಿಸುವುದು, ಕೊನೆಯಲ್ಲಿ ಕನ್ನಡದ ಒಂದು ಕಥನಗೀತೆಯ ಎದುರಿಗೆ ಅವನ್ನಿಟ್ಟು ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨

ಮೊದಲಿಗೆ ಪಠ್ಯದ ಸ್ವರೂಪವನ್ನು ಕುರಿತು ಕೆಲವು ಮಾತುಗಳು ಅಗತ್ಯ. ಪಾಲಿ ಜಾತಕ ಸಂಗ್ರಹದಲ್ಲಿ ೫೪೭ ಕಥೆಗಳಿವೆ. ತ್ರಿಪಿಟಕದ ಖುದ್ದಕ ನಿಕಾಯಕ್ಕೆ ಸೇರಿದ್ದು ಗಾಹೆಗಳು ಮಾತ್ರ. ನಾವು ಕಥೆಯೆಂದು ಓದುವ ಗದ್ಯಭಾಗ ಅಟ್ಠಕಥೆಯದು, ಅಂದರೆ ವ್ಯಾಖ್ಯಾನದ್ದು. ಡೆನ್ಮಾರ್ಕಿನ ವಿದ್ವಾಂಸ ಫೌಸ್‌ಬಾಲ್ ಅವರು ೧೮೭೭ರಿಂದ ಪ್ರಕಟಿಸಲಾರಂಭಿಸಿದ ಪಾಲಿ ಆವೃತ್ತಿ, ಕೋವೆಲ್ ಅವರ ಸಂಪಾದಕತ್ವದಲ್ಲಿ ೧೮೯೫ರಿಂದ ೧೯೦೭ರವರೆಗೆ ಆರು ಸಂಪುಟಗಳಲ್ಲಿ ಬಂದ ಇಂಗ್ಲಿಷ್ ಅನುವಾದ ಆಧುನಿಕ ಅಧ್ಯಯನಗಳಿಗೆ ತಳಹದಿಯಾದವು. ಕನ್ನಡದಲ್ಲಿ ಪಾಲಿ ಕಲಿತು ಬೌದ್ಧ ಸಾಹಿತ್ಯವನ್ನು ಸಾಮಾನ್ಯ ಓದುಗರಿಗೆ ತಲುಪಿಸಿದವರಲ್ಲಿ ಜಿ.ಪಿ. ರಾಜರತ್ನಂ ಪ್ರಮುಖರು.

ಪ್ರತಿಯೊಂದು ಜಾತಕಕ್ಕೂ ಸ್ಥೂಲವಾಗಿ ಒಂದೇ ಕಟ್ಟಡವಿದೆ. ಬುದ್ಧನ ಕಾಲದ ಒಂದು ಘಟನೆಯನ್ನು ಹೇಳುವ ವರ್ತಮಾನ ಕಥೆ, ಹಿಂದಿನ ಜನ್ಮದ ಅತೀತ ಕಥೆ, ಗಾಹೆ, ಅದರ ವಿವರಣೆ, ಅಂದಿನ ಪಾತ್ರಗಳನ್ನು ಇಂದಿನ ವ್ಯಕ್ತಿಗಳೊಡನೆ ಗುರುತಿಸುವ ಸಮೋಧಾನ, ಹೀಗೆ ಐದು ಅಂಗಗಳು. ಇವುಗಳಲ್ಲಿ ಅತೀತ ಕಥೆಯು ಅನೇಕ ಸಂದರ್ಭಗಳಲ್ಲಿ ಬೌದ್ಧರದೇ ಆಗಿರಬೇಕಿಲ್ಲ. ಅದು ಹಳ್ಳಿ, ಸಂತೆ, ಹಡಗುಗಳಲ್ಲಿ ಓಡಾಡುತ್ತಿದ್ದ ಜನಪದ ಕಥೆ. ಅದಕ್ಕೆ ಹಿಂದುಮುಂದಿನ ಚೌಕಟ್ಟನ್ನು ಹಾಕಿ ಧರ್ಮಕಥೆಯಾಗಿಸಿದವರು ಭಿಕ್ಷುಗಳು. ಆದ್ದರಿಂದ ಪ್ರತಿಯೊಂದು ಜಾತಕದಲ್ಲೂ ಎರಡು ದನಿಗಳಿರುತ್ತವೆ. ಕಥೆಯ ದನಿ ಒಂದನ್ನು ಹೇಳಿದರೆ ಚೌಕಟ್ಟಿನ ದನಿ ಕೆಲವೊಮ್ಮೆ ಅದನ್ನೇ ಅನುಮೋದಿಸುತ್ತದೆ, ಕೆಲವೊಮ್ಮೆ ಬೇರೆಡೆಗೆ ತಿರುಗಿಸುತ್ತದೆ. ಜಾನಪದ ವಿದ್ವಾಂಸನಿಗೆ ಜಾತಕ ಮುಖ್ಯವಾಗುವುದು ಈ ಎರಡು ದನಿಗಳು ಕೂಡುವ ಹೊಲಿಗೆಯಲ್ಲಿ.

ಪರಿಭಾಷೆಯನ್ನೂ ಇಲ್ಲೇ ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡದ 'ಆಸೆ' ಎಂಬ ಒಂದೇ ಪದದಿಂದ ನಾವು ಸೂಚಿಸುವುದನ್ನು ಪಾಲಿ ಗ್ರಂಥಗಳು ಹಲವು ಪದಗಳಲ್ಲಿ ಹಂಚಿವೆ. 'ಲೋಭ'ವು ದೋಸ, ಮೋಹಗಳೊಡನೆ ಮೂರು ಅಕುಶಲ ಮೂಲಗಳಲ್ಲಿ ಒಂದು. 'ತಣ್ಹಾ' ಎಂದರೆ ಬಾಯಾರಿಕೆ. ದುಃಖದ ಕಾರಣವೆಂದು ಎರಡನೆಯ ಆರ್ಯಸತ್ಯ ಹೆಸರಿಸುವುದು ಇದನ್ನು. ಅದು ಕಾಮತಣ್ಹಾ, ಭವತಣ್ಹಾ, ವಿಭವತಣ್ಹಾ ಎಂದು ಮೂರು ಬಗೆ. ಇಲ್ಲವಾಗಬೇಕೆಂಬ ಹಂಬಲವೂ ಒಂದು ಬಾಯಾರಿಕೆಯೇ ಎಂಬುದು ಇಲ್ಲಿನ ಸೂಕ್ಷ್ಮ. ಪ್ರತೀತ್ಯಸಮುತ್ಪಾದದ ಸರಪಣಿಯಲ್ಲಿ ವೇದನೆಯಿಂದ ತಣ್ಹಾ, ತಣ್ಹಾದಿಂದ 'ಉಪಾದಾನ' ಹುಟ್ಟುತ್ತವೆ. ಉಪಾದಾನಕ್ಕೆ ಹಿಡಿಯುವುದು ಎಂಬ ಅರ್ಥವೂ ಇದೆ, ಉರಿಗೆ ಇಂಧನ ಎಂಬ ಅರ್ಥವೂ ಇದೆ. ಮೂರನೆಯ ಆರ್ಯಸತ್ಯವನ್ನು ವಿವರಿಸುವಾಗ ಬರುವ ಪದಗಳು ಚಾಗ, ಪಟಿನಿಸ್ಸಗ್ಗ, ಮುತ್ತಿ, ಅನಾಲಯ. ಕೊನೆಯ ಪದ ಕನ್ನಡಿಗರಿಗೆ ಕುತೂಹಲಕರ. 'ಆಲಯ' ನಮಗೆ ಮನೆ ಅಥವಾ ಗುಡಿ. ಪಾಲಿಯಲ್ಲಿ ಅದೇ ಪದ ನೆಲೆಯನ್ನೂ ಆ ನೆಲೆಗೆ ಅಂಟಿಕೊಂಡ ಮನಸ್ಸನ್ನೂ ಸೂಚಿಸುತ್ತದೆ. ಮನೆಯೇ ಅಂಟಾಗುವ ಬಗೆಯನ್ನು ಹೇಳುವ ಒಂದು ಜಾತಕವನ್ನು ಮುಂದೆ ನೋಡಲಿದ್ದೇವೆ.

೩

ಲೋಭದ ಕಥೆಗಳಲ್ಲಿ ಮೊದಲು ಗಮನಿಸಬೇಕಾದದ್ದು ಸೇರಿವಾಣಿಜ ಜಾತಕ. ಸೇರಿ ರಾಜ್ಯದಲ್ಲಿ ಇಬ್ಬರು ತಿರುಗು ವ್ಯಾಪಾರಿಗಳು. ಒಬ್ಬ ಬೋಧಿಸತ್ವ, ಇನ್ನೊಬ್ಬ ಲೋಭಿ. ಇಬ್ಬರೂ ತೇಲವಾಹ ನದಿಯನ್ನು ದಾಟಿ ಅಂಧಪುರವೆಂಬ ಪಟ್ಟಣಕ್ಕೆ ಬಂದು ಬೀದಿಗಳನ್ನು ಹಂಚಿಕೊಂಡು ಮಾರಾಟಕ್ಕೆ ತೊಡಗುತ್ತಾರೆ. ಆ ಊರಿನಲ್ಲಿ ಹಿಂದೆ ಸಿರಿವಂತವಾಗಿದ್ದು ಕೆಟ್ಟ ಒಂದು ಮನೆತನ, ಉಳಿದವರು ಅಜ್ಜಿ, ಮೊಮ್ಮಗಳು, ಕೂಲಿಯೇ ಜೀವನ. ಮೊಮ್ಮಗಳು ಒಂದು ಒಡವೆಗೆ ಆಸೆಪಡುತ್ತಾಳೆ. ಕೊಡಲು ಹಣವಿಲ್ಲದ ಅಜ್ಜಿ ಪಾತ್ರೆಗಳ ನಡುವೆ ಮಸಿ ಹಿಡಿದು ಬಿದ್ದಿದ್ದ ಒಂದು ಬಟ್ಟಲನ್ನು ತಂದು ತೋರಿಸುತ್ತಾಳೆ. ಲೋಭಿ ಸೂಜಿಯಿಂದ ಗೀರಿ ನೋಡಿ ಅದು ಚಿನ್ನವೆಂದು ತಿಳಿದರೂ ಅರ್ಧ ಮಾಸಕಕ್ಕೂ ಬಾಳದೆಂದು ಎಸೆದು ಹೋಗುತ್ತಾನೆ. ಆಮೇಲೆ ಬಂದ ಬೋಧಿಸತ್ವ ಅದರ ಬೆಲೆ ಲಕ್ಷವೆಂದೂ ಅಷ್ಟು ಬಾಳುವ ಸರಕು ತನ್ನಲ್ಲಿಲ್ಲವೆಂದೂ ಹೇಳುತ್ತಾನೆ. ನಿನ್ನ ಪುಣ್ಯದಿಂದಲೇ ಅದು ಚಿನ್ನವಾಗಿರಬೇಕು, ಇದ್ದದ್ದನ್ನು ಕೊಟ್ಟು ಒಯ್ಯಿ ಎಂದಾಗ ಐನೂರು ಕಹಾಪಣಗಳನ್ನೂ ಐನೂರು ಬೆಲೆಯ ಸರಕನ್ನೂ ಕೊಟ್ಟು, ತಕ್ಕಡಿ, ಚೀಲ, ಎಂಟು ಕಹಾಪಣಗಳನ್ನಷ್ಟೇ ಉಳಿಸಿಕೊಂಡು ದೋಣಿ ಹತ್ತುತ್ತಾನೆ. ಮರಳಿ ಬಂದ ಲೋಭಿಗೆ ವಿಷಯ ತಿಳಿದು ಬುದ್ಧಿ ಕೆಡುತ್ತದೆ. ಹಣ, ಸರಕು, ಉಟ್ಟ ಬಟ್ಟೆಯನ್ನೂ ಅಲ್ಲೇ ಚೆಲ್ಲಿ, ತಕ್ಕಡಿಯ ದಂಡಿಗೆಯನ್ನು ದೊಣ್ಣೆಯಾಗಿ ಹಿಡಿದು ಹೊಳೆಗೆ ಓಡುತ್ತಾನೆ. ದೋಣಿ ನಡುನೀರಿನಲ್ಲಿ ಸಾಗುತ್ತಿರುವುದನ್ನು ಕಂಡು ಅವನ ಎದೆ, ನೀರು ಬತ್ತಿದ ಕೆರೆಯ ಕೆಸರಿನಂತೆ, ಬಿರಿಯುತ್ತದೆ.

ಈ ಕಥೆಯನ್ನು ಪ್ರಾಮಾಣಿಕತೆಗೆ ಲಾಭ, ಮೋಸಕ್ಕೆ ಶಿಕ್ಷೆ ಎಂದು ಓದುವುದು ಸುಲಭ. ಆದರೆ ಕಥೆಯ ಕಟ್ಟು ಇನ್ನೊಂದನ್ನು ಸೂಚಿಸುತ್ತದೆ. ಇಬ್ಬರು ವ್ಯಾಪಾರಿಗಳೂ ಕೊನೆಗೆ ಒಂದೇ ಕ್ರಿಯೆಯನ್ನು ಮಾಡುತ್ತಾರೆ: ಇದ್ದ ಸರಕನ್ನೆಲ್ಲ ಬಿಟ್ಟುಕೊಡುತ್ತಾರೆ. ಇಬ್ಬರ ಕೈಯಲ್ಲೂ ಉಳಿಯುವುದು ತಕ್ಕಡಿ. ಒಬ್ಬನಿಗೆ ಅದು ಅಳೆಯುವ ಸಾಧನವಾಗಿಯೇ ಇರುತ್ತದೆ, ಇನ್ನೊಬ್ಬನಿಗೆ ಆಯುಧವಾಗುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರದೂ ತ್ಯಾಗ. ಒಳಗಿನಿಂದ ಒಬ್ಬನದು ಕೊಡುಗೆ, ಇನ್ನೊಬ್ಬನದು ಉನ್ಮಾದ. ಇನ್ನೂ ಮುಖ್ಯವಾದದ್ದು, ಲೋಭಿಯನ್ನು ಕೊಂದದ್ದು ಅವನದಾಗಿದ್ದ ವಸ್ತುವಿನ ನಷ್ಟವಲ್ಲ, ಎಂದೂ ಅವನದಾಗಿರದ ವಸ್ತುವಿನ ನಷ್ಟ. ಮನಸ್ಸು ಹಿಡಿದುಕೊಂಡದ್ದನ್ನು ಕೈ ಹಿಡಿದಿರಬೇಕೆಂದಿಲ್ಲ. ಉಪಾದಾನವೆಂಬ ಪರಿಭಾಷೆಯನ್ನು ಬಳಸದೆಯೇ ಕಥೆ ಅದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದೆ. ಬುದ್ಧನ ಮೇಲೆ ದೇವದತ್ತನ ಹಗೆ ಮೊದಲು ಹುಟ್ಟಿದ್ದು ಇಲ್ಲಿ ಎಂಬುದು ಸಮೋಧಾನದ ಮಾತು. ಲೋಭದಿಂದ ದ್ವೇಷ ಹುಟ್ಟುವ ಕ್ರಮವನ್ನು ಚೌಕಟ್ಟು ಹೀಗೆ ಪೂರ್ಣಗೊಳಿಸುತ್ತದೆ.

ಸುವಣ್ಣಹಂಸ ಜಾತಕ ಲೋಭದ ಇನ್ನೊಂದು ಮುಖ. ಸತ್ತು ಚಿನ್ನದ ಹಂಸವಾಗಿ ಹುಟ್ಟಿದ ತಂದೆ ಬಡತನದಲ್ಲಿರುವ ಹೆಂಡತಿ ಮತ್ತು ಮೂವರು ಹೆಣ್ಣುಮಕ್ಕಳಿಗೆ ಆಗಾಗ ಬಂದು ಒಂದೊಂದು ಗರಿ ಕೊಟ್ಟು ಹೋಗುತ್ತಾನೆ. ಸಂಸಾರ ಚೇತರಿಸುತ್ತದೆ. ಆಗ ತಾಯಿ, ಪ್ರಾಣಿಗಳ ಮನಸ್ಸನ್ನು ನಂಬಲಾಗದು, ನಾಳೆ ಬಾರದೆ ಹೋದರೇನು ಗತಿ, ಗರಿಗಳನ್ನೆಲ್ಲ ಕಿತ್ತುಕೊಳ್ಳೋಣ ಎನ್ನುತ್ತಾಳೆ. ಮಕ್ಕಳು ಒಪ್ಪುವುದಿಲ್ಲ. ತಾಯಿ ಕಿತ್ತೇಬಿಡುತ್ತಾಳೆ, ಬಲವಂತವಾಗಿ ಕಿತ್ತ ಗರಿಗಳು ಕೊಕ್ಕರೆಯ ಗರಿಗಳಾಗಿಬಿಡುತ್ತವೆ. ಮತ್ತೆ ಹುಟ್ಟಿದ ಗರಿಗಳೂ ಬರಿಯ ಬಿಳಿಯವು. ರೆಕ್ಕೆ ಬಲಿತ ಹಂಸ ಹಾರಿಹೋಗಿ ಮರಳುವುದಿಲ್ಲ.

ಇಲ್ಲಿ ತಾಯಿಯನ್ನು ದುರಾಸೆಯವಳೆಂದು ಕರೆದು ಮುಗಿಸುವುದು ಅನ್ಯಾಯ. ಅವಳ ಮಾತಿನಲ್ಲಿರುವುದು ಸುಖದ ಹಂಬಲಕ್ಕಿಂತ ನಾಳೆಯ ಭಯ. ಬಡತನವನ್ನು ಕಂಡ ವಿಧವೆಯ ಭಯ ಅದು. ಲೋಭದ ಬೇರಿನಲ್ಲಿ ಅಭದ್ರತೆಯಿದೆ ಎಂಬುದನ್ನು ಕಥೆ ಬಲ್ಲದು. ಕೊಟ್ಟಾಗ ಚಿನ್ನವಾಗಿದ್ದ ಗರಿ ಕಿತ್ತಾಗ ಚಿನ್ನವಲ್ಲವೆಂಬ ಪವಾಡದ ಆಶಯವು ವಸ್ತುವಿನ ಬೆಲೆ ವಸ್ತುವಿನಲ್ಲಿಲ್ಲ, ಕೊಡು-ಕೊಳ್ಳುವ ಸಂಬಂಧದಲ್ಲಿದೆ ಎಂಬುದನ್ನು ಹೇಳುತ್ತದೆ. ಚೌಕಟ್ಟಿನ ಕಥೆ ಮಾತ್ರ ಇದನ್ನು ಬೆಳ್ಳುಳ್ಳಿಯ ತೋಟದಿಂದ ಮಿತಿಮೀರಿ ಒಯ್ದ ಥುಲ್ಲನಂದಾ ಎಂಬ ಭಿಕ್ಷುಣಿಯ ಪ್ರಸಂಗಕ್ಕೆ ಜೋಡಿಸುತ್ತದೆ. ತಾಯಿಯ ಭಯ ಅಲ್ಲಿ ಮರೆಯಾಗಿ 'ಅತಿ' ಎಂಬುದಷ್ಟೇ ಉಳಿಯುತ್ತದೆ. ಎರಡು ದನಿಗಳ ಹೊಲಿಗೆ ಕಾಣುವ ಜಾಗ ಇದು.

ವೇದಬ್ಬ ಜಾತಕ ಲೋಕಸಂಚಾರಿಯಾದ ಕಥೆ. ನಕ್ಷತ್ರಯೋಗ ಕೂಡಿದಾಗ ಮಂತ್ರ ಜಪಿಸಿ ರತ್ನದ ಮಳೆ ಸುರಿಸಬಲ್ಲ ಬ್ರಾಹ್ಮಣನೊಬ್ಬ ಕಳ್ಳರ ಕೈಗೆ ಸಿಕ್ಕಿ, ಶಿಷ್ಯನ ಎಚ್ಚರಿಕೆಯನ್ನು ಮೀರಿ ಮಳೆ ಸುರಿಸುತ್ತಾನೆ. ಆ ಧನಕ್ಕಾಗಿ ಇನ್ನೊಂದು ಕಳ್ಳರ ತಂಡ ಅವನನ್ನೂ ಮೊದಲ ತಂಡದ ಐನೂರು ಮಂದಿಯನ್ನೂ ಕೊಲ್ಲುತ್ತದೆ. ಆಮೇಲೆ ತನ್ನೊಳಗೇ ಒಡೆದು ಹೊಡೆದಾಡಿ ಇಬ್ಬರಷ್ಟೇ ಉಳಿಯುತ್ತಾರೆ. ಒಬ್ಬ ಅನ್ನಕ್ಕೆ ವಿಷ ಬೆರೆಸುತ್ತಾನೆ, ಇನ್ನೊಬ್ಬ ಕತ್ತಿ ಹಿರಿದು ಕಾಯುತ್ತಾನೆ, ಇಬ್ಬರೂ ಸಾಯುತ್ತಾರೆ. ಕಥಾವರ್ಗಗಳ ಅಂತರರಾಷ್ಟ್ರೀಯ ಸೂಚಿಯಲ್ಲಿ ೭೬೩ನೆಯ ವರ್ಗವಾಗಿ ಗುರುತಿಸಲಾದ ಈ ಕಥೆ, ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನ ಕ್ಯಾಂಟರ್ಬರಿ ಕಥೆಗಳಲ್ಲಿ ಕ್ಷಮಾಪತ್ರ ಮಾರುವವನ ಬಾಯಿಂದ ಬರುತ್ತದೆ. ಎರಡರ ಮುಕ್ತಾಯಗಳ ನಡುವಿನ ವ್ಯತ್ಯಾಸ ಅರ್ಥಪೂರ್ಣವಾಗಿದೆ. ಚಾಸರನಲ್ಲಿ ಮೂವರು ಸಾವನ್ನು ಹುಡುಕಿ ಹೊರಟು ಚಿನ್ನವನ್ನು ಕಂಡು ಸಾಯುತ್ತಾರೆ, ಚಿನ್ನವೇ ಸಾವು. ಜಾತಕದಲ್ಲಿ ಬಿಡುಗಡೆಯ ಹಣ ಹೊಂದಿಸಿಕೊಂಡು ಮರಳಿದ ಶಿಷ್ಯ, ಅಂದರೆ ಬೋಧಿಸತ್ವ, ಹೆಣಗಳ ನಡುವೆ ಉಳಿದ ಧನವನ್ನು ಮನೆಗೆ ಒಯ್ದು ದಾನಧರ್ಮಗಳಲ್ಲಿ ವಿನಿಯೋಗಿಸುತ್ತಾನೆ. ಸಾವಿರ ಜನರನ್ನು ಕೊಂದ ಸಂಪತ್ತು ಒಬ್ಬನ ಕೈಯಲ್ಲಿ ದಾನವಾಗುತ್ತದೆ. ಸಂಪತ್ತು ಕೇಡಲ್ಲ, ಅದನ್ನು ಹಿಡಿಯುವ ಬಗೆಯಲ್ಲಿ ಕೇಡಿದೆ ಎಂಬ ನಿಲುವು, ವರ್ತಕರ ಆಶ್ರಯದಲ್ಲಿ ಬೆಳೆದ ಧರ್ಮವೊಂದಕ್ಕೆ ಸಹಜವಾದದ್ದೂ ಹೌದು.

ಮಂಧಾತು ಜಾತಕದ ಅರಸ ಮಾಂಧಾತ ಭೂಮಿಯನ್ನು ಆಳಿ ಸಾಲದೆ ಚತುರ್ಮಹಾರಾಜರ ಲೋಕಕ್ಕೆ, ಅಲ್ಲಿಂದ ತಾವತಿಂಸಕ್ಕೆ ಏರುತ್ತಾನೆ. ಶಕ್ರನ ಅರ್ಧ ರಾಜ್ಯವನ್ನು ಪಡೆದು ಮೂವತ್ತಾರು ಮಂದಿ ಶಕ್ರರ ಆಯುಷ್ಯದಷ್ಟು ಕಾಲ ಆಳಿದ ಮೇಲೆ, ಶಕ್ರನನ್ನು ಕೊಂದು ಇಡಿಯ ಸ್ವರ್ಗವನ್ನು ಪಡೆಯುವ ಯೋಚನೆ ಬಂದು, ಮುಪ್ಪಡರಿ ಭೂಮಿಗೆ ಬೀಳುತ್ತಾನೆ. ಆಂಧ್ರದ ಪ್ರಾಚೀನ ಸ್ತೂಪಗಳ ಶಿಲ್ಪಿಗಳಿಗೆ ಪ್ರಿಯವಾಗಿದ್ದ ವಸ್ತು ಇದು. 'ಅತಿ ಆಸೆ ಗತಿ ಕೇಡು' ಎಂಬ ಗಾದೆಗೆ ಇಷ್ಟು ಒಪ್ಪುವ ಜಾತಕ ಇನ್ನೊಂದಿಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅರ್ಧ ಸ್ವರ್ಗ ಮಿತಿಯೆಂದೂ ಪೂರ್ತಿ ಸ್ವರ್ಗ ಅತಿಯೆಂದೂ ಹೇಳಲು ಅಳತೆಗೋಲು ಯಾವುದು? ಏಣಿಯ ಯಾವ ಮೆಟ್ಟಿಲಿನಲ್ಲೂ ತೃಪ್ತಿಯಿರಲಿಲ್ಲ; ಬಿದ್ದದ್ದು ಕೊನೆಯ ಮೆಟ್ಟಿಲಿನಿಂದ, ಅಷ್ಟೆ. ಗಾದೆ ನಿಲ್ಲುವಲ್ಲಿಂದ ಜಾತಕದ ಪ್ರಶ್ನೆ ಆರಂಭವಾಗುತ್ತದೆ.

೪

'ಅತಿ' ಎಂಬ ಅಳತೆ ಪೂರ್ತಿ ವಿಫಲವಾಗುವುದು ಅಂಟಿನ ಕಥೆಗಳಲ್ಲಿ. ಇಲ್ಲಿನ ವಸ್ತುಗಳು ಅತ್ಯಲ್ಪವಾದವು.

ಕುದ್ದಾಲ ಜಾತಕದಲ್ಲಿ ಬೋಧಿಸತ್ವ ವಾರಾಣಸಿಯ ಒಬ್ಬ ತೋಟಗಾರ. ಸೊಪ್ಪು, ಕುಂಬಳ, ಸೋರೆ, ಸೌತೆಗಳನ್ನು ಬೆಳೆದು ಮಾರಿ ಬದುಕುತ್ತಾನೆ. ಒಂದು ಗುದ್ದಲಿಯ ಹೊರತು ಅವನಿಗೆ ಬೇರೆ ಆಸ್ತಿಯಿಲ್ಲ. ಪಾಲಿಯ 'ಕುದ್ದಾಲ'ಕ್ಕೂ ನಮ್ಮ 'ಗುದ್ದಲಿ'ಗೂ ಇರುವ ಹೋಲಿಕೆಯಿಂದಾಗಿ ಕನ್ನಡ ಓದುಗನಿಗೆ ಈ ಕಥೆ ನೆರೆಮನೆಯದೆನಿಸುತ್ತದೆ. ಒಂದು ದಿನ ಅವನು ಗುದ್ದಲಿಯನ್ನು ಬಚ್ಚಿಟ್ಟು ಸನ್ಯಾಸಿಯಾಗುತ್ತಾನೆ. ಆದರೆ ಆ ಮೊಂಡ ಗುದ್ದಲಿಯ ನೆನಪನ್ನು ಗೆಲ್ಲಲಾಗದೆ ಮರಳಿ ಬರುತ್ತಾನೆ. ಹೀಗೆ ಆರು ಸಲ. ಏಳನೆಯ ಸಲ ಹೊಳೆಯ ದಂಡೆಗೆ ಹೋಗಿ, ಬಿದ್ದ ಜಾಗ ಕಂಡರೆ ಮತ್ತೆ ಹುಡುಕುವ ಮನಸ್ಸಾದೀತೆಂದು ಕಣ್ಣು ಮುಚ್ಚಿಕೊಂಡು, ಕಾವನ್ನು ಹಿಡಿದು ತಲೆಯ ಸುತ್ತ ಮೂರು ಸಲ ಬೀಸಿ ನಡುನೀರಿಗೆ ಎಸೆದು, ಗೆದ್ದೆನೆಂದು ಮೂರು ಸಲ ಕೂಗುತ್ತಾನೆ. ಗಡಿನಾಡಿನ ದಂಗೆಯನ್ನು ಅಡಗಿಸಿ ಅದೇ ಹೊಳೆಯಲ್ಲಿ ಮಿಂದು ಬರುತ್ತಿದ್ದ ಅರಸ ಅದನ್ನು ಕೇಳಿ, ಗೆದ್ದವನು ನಾನು, ಇವನು ಏನು ಗೆದ್ದ ಎಂದು ವಿಚಾರಿಸುತ್ತಾನೆ. ಮತ್ತೆ ಸೋಲಬೇಕಾದ ಗೆಲುವು ಗೆಲುವಲ್ಲ ಎಂಬುದು ತೋಟಗಾರನ ಉತ್ತರದ ತಿರುಳು.

ಗುದ್ದಲಿ ಮೊಂಡಾಗಿತ್ತು ಎಂಬ ವಿವರ ಕಥೆಗಾರನ ಸೂಕ್ಷ್ಮಜ್ಞತೆಗೆ ಸಾಕ್ಷಿ. ವಸ್ತುವಿನ ಬೆಲೆಗೂ ಅಂಟಿನ ಬಲಕ್ಕೂ ಸಂಬಂಧವಿಲ್ಲ. ಆರು ಸಲ ಸೋತವನನ್ನು ಕಥೆ ಹಂಗಿಸುವುದೂ ಇಲ್ಲ. ಬಿಡುವುದು ಒಂದು ಕ್ಷಣದ ನಿರ್ಧಾರವಲ್ಲ, ಅಭ್ಯಾಸ. ಕಣ್ಣು ಮುಚ್ಚಿಕೊಳ್ಳುವಂಥ ಉಪಾಯವೂ ಅದಕ್ಕೆ ಬೇಕು. ಆರು ಸಲ ಸಂಘವನ್ನು ಬಿಟ್ಟು ಮರಳಿದ ಚಿತ್ತಹತ್ಥನೆಂಬ ಭಿಕ್ಷುವಿನ ವರ್ತಮಾನ ಕಥೆ ಇಲ್ಲಿ ಅತೀತ ಕಥೆಗೆ ಚೆನ್ನಾಗಿ ಹೊಂದುತ್ತದೆ.

ಆದರೂ ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗಲಾಗದು. ಗುದ್ದಲಿ ದುಡಿಯುವವನ ಸಾಧನ. ಅದನ್ನು ಎಸೆಯುವುದು ಅರಸ ಕಿರೀಟವನ್ನು ಇಳಿಸಿದಂತಲ್ಲ. ಬಡವನಿಗೆ ಇರುವ ಒಂದನ್ನೂ ಬಿಡೆಂದು ಹೇಳುವ ಧರ್ಮವನ್ನು ಇದ್ದವರ ಧರ್ಮವೆಂದು ಸಂಶಯಿಸಲು ಅವಕಾಶವಿದೆ. ಇದಕ್ಕೆ ಪಠ್ಯದೊಳಗೆ ಅರ್ಧ ಉತ್ತರವಷ್ಟೇ ದೊರೆಯುತ್ತದೆ. ತೋಟಗಾರ ಮರಳುವುದು ಹಸಿವಿನಿಂದ ಎಂದು ಕಥೆ ಹೇಳುವುದಿಲ್ಲ, ಗುದ್ದಲಿಯ ಸೆಳೆತದಿಂದ ಎನ್ನುತ್ತದೆ. ಮುಂದೆ ಅವನ ಉಪದೇಶವನ್ನು ಕೇಳಿ ಅರಸನೂ ಸೇನೆಯೂ ಊರಿನ ಜನರೂ ಎಲ್ಲವನ್ನೂ ಬಿಟ್ಟು ಹಿಮಾಲಯಕ್ಕೆ ನಡೆಯುತ್ತಾರೆ. ಬಿಡುವ ಕ್ರಮ ಕೆಳಗಿನಿಂದ ಮೇಲಕ್ಕೆ ಸಾಗಿ ಅರಸನನ್ನೂ ಒಳಗೊಳ್ಳುವುದರಿಂದ ಕಥೆ ಬಡವನಿಗಷ್ಟೇ ಹೇಳಿದ ಬುದ್ಧಿವಾದವಾಗಿ ಉಳಿಯುವುದಿಲ್ಲ.

ಕಚ್ಛಪ ಜಾತಕದ ವಸ್ತು ಮನೆಯೇ. ಮಹಾನದಿಗೆ ಹೊಂದಿಕೊಂಡ ಒಂದು ಕೆರೆ. ಬರ ಬರಲಿದೆಯೆಂದು ಅರಿತ ಮೀನು, ಆಮೆಗಳು ಕೆರೆಯಿಂದ ನದಿಗೆ ಸೇರಿಕೊಳ್ಳುತ್ತವೆ. ಒಂದು ಆಮೆ ಮಾತ್ರ, ನಾನು ಹುಟ್ಟಿದ್ದು ಇಲ್ಲಿ, ತಂದೆತಾಯಿ ಬಾಳಿದ್ದು ಇಲ್ಲಿ ಎಂದು ಉಳಿಯುತ್ತದೆ. ಬೇಸಿಗೆಯಲ್ಲಿ ನೀರು ಬತ್ತಿ ಅದು ಮಣ್ಣಿನಲ್ಲಿ ಹುದುಗುತ್ತದೆ. ಮಣ್ಣಿಗೆ ಬಂದ ಕುಂಬಾರನ ಗುದ್ದಲಿ ಅದರ ಚಿಪ್ಪನ್ನು ಒಡೆಯುತ್ತದೆ. ಆ ಕುಂಬಾರನೇ ಬೋಧಿಸತ್ವ. ತಿಳಿಯದೆ ಕೊಂದವನು ಆ ಸಾವನ್ನು ಊರವರಿಗೆ ತೋರಿಸಿ ಉಪದೇಶಿಸುತ್ತಾನೆ.

ಈ ಕಥೆಯ ಚೌಕಟ್ಟು ಸಾವತ್ಥಿಯ ಒಂದು ಸಾಂಕ್ರಾಮಿಕ ರೋಗಕ್ಕೆ ಸಂಬಂಧಿಸಿದ್ದು. ರೋಗ ಹೊಕ್ಕ ಮನೆಯಲ್ಲಿ ತಂದೆತಾಯಿ ಮಗನಿಗೆ, ಗೋಡೆ ಒಡೆದುಕೊಂಡು ಓಡಿಹೋಗಿ ಬದುಕಿಕೋ ಎನ್ನುತ್ತಾರೆ. ಮಗ ಹಾಗೆಯೇ ಮಾಡಿ ಉಳಿಯುತ್ತಾನೆ. ಬಿಡುವುದನ್ನು ವೈರಾಗ್ಯವೆಂದಲ್ಲದೆ ಜೀವ ಉಳಿಸಿಕೊಳ್ಳುವ ವಿವೇಕವೆಂದು ಹೇಳುವ ಅಪರೂಪದ ಜಾತಕವಿದು. ಆಮೆಗೆ ದುರಾಸೆಯಿರಲಿಲ್ಲ. ಹುಟ್ಟಿದ ನೆಲದ ಪ್ರೀತಿಯನ್ನು ಯಾವ ಜನಪದವೂ ದೋಷವೆನ್ನದು. ಆದರೆ ನೀರು ಇರುವವರೆಗೆ ಆಲಯವಾಗಿದ್ದದ್ದು ನೀರು ಬತ್ತಿದ ಮೇಲೆ ಅಂಟು ಮಾತ್ರವಾಯಿತು. ಪ್ರೀತಿ ಅಂಟಾಗುವುದು ಪರಿಸ್ಥಿತಿ ಬದಲಾದುದನ್ನು ಮನಸ್ಸು ಒಪ್ಪದಿದ್ದಾಗ. ಅನಿತ್ಯತೆಯ ತತ್ತ್ವಕ್ಕೆ ಇದಕ್ಕಿಂತ ಸರಳವಾದ ದೃಷ್ಟಾಂತ ಸಿಗುವುದು ಕಷ್ಟ.

೫

ಇನ್ನು ತ್ಯಾಗದ ಕಥೆಗಳು. ಮಖಾದೇವ ಜಾತಕದ ಮಿಥಿಲೆಯ ಅರಸ, ತಲೆಯಲ್ಲಿ ನರೆಗೂದಲು ಕಂಡ ದಿನ ತಿಳಿಸೆಂದು ಕ್ಷೌರಿಕನಿಗೆ ಹೇಳಿರುತ್ತಾನೆ. ಕ್ಷೌರಿಕ ಚಿನ್ನದ ಚಿಮುಟಿಗೆಯಿಂದ ಒಂದು ನರೆಗೂದಲನ್ನು ಕಿತ್ತು ಅರಸನ ಅಂಗೈಯಲ್ಲಿಡುತ್ತಾನೆ. ಅರಸ ಅವನಿಗೆ ಒಂದು ಗ್ರಾಮವನ್ನು ದಾನವಿತ್ತು, ಮಗನಿಗೆ ರಾಜ್ಯವನ್ನು ಒಪ್ಪಿಸಿ ಮಾವಿನ ತೋಪಿಗೆ ಹೋಗುತ್ತಾನೆ. ಭಾರ್ಹುತದ ಶಿಲ್ಪಫಲಕವೊಂದರಲ್ಲಿ ಹೆಸರಿನ ಸಮೇತ ಕೆತ್ತಲಾಗಿರುವ ಈ ಕಥೆಯಲ್ಲಿ ಬಿಡುವುದರಿಂದ ಯಾರಿಗೂ ನೋವಿಲ್ಲ. ಅದು ತಲೆಮಾರಿನಿಂದ ತಲೆಮಾರಿಗೆ ದಾಟುವ ಒಂದು ಕಟ್ಟಳೆ. ಕೆಟ್ಟ ಸುದ್ದಿ ತಂದವನಿಗೂ ಬಹುಮಾನವಿದೆ.

ಮಹಾಜನಕ ಜಾತಕಕ್ಕೆ ಬರುವಾಗ ಚಿತ್ರ ಬದಲಾಗುತ್ತದೆ. ಅರಸ ಉದ್ಯಾನದ ಬಾಗಿಲಲ್ಲಿ ಎರಡು ಮಾವಿನ ಮರಗಳನ್ನು ಕಾಣುತ್ತಾನೆ. ಹಣ್ಣಿದ್ದ ಮರವನ್ನು ಜನ ಮುರಿದು ಹಾಳುಗೆಡವಿದ್ದಾರೆ. ಹಣ್ಣಿಲ್ಲದ ಮರ ಹಸಿರಾಗಿ ನಿಂತಿದೆ. ಇರುವವನಿಗೇ ಭಯ ಎಂದರಿತು ಅವನು ರಾಜ್ಯವನ್ನು ತೊರೆಯುತ್ತಾನೆ. ಅಜಂತೆಯ ಒಂದನೆಯ ಗುಹೆಯ ಚಿತ್ರಗಳಲ್ಲಿ ಇದು ವಿಸ್ತಾರವಾಗಿ ಮೂಡಿದೆ. ಉರಿಯುವ ಮಿಥಿಲೆಯ ಬಗೆಗೆ ಅಂಟಿಲ್ಲದ ಅರಸನ ಆಶಯ ಜೈನರ ಉತ್ತರಾಧ್ಯಯನ ಸೂತ್ರದ ನಮಿಯ ಪ್ರಸಂಗದಲ್ಲೂ ಮಹಾಭಾರತದ ಶಾಂತಿಪರ್ವದ ಜನಕನ ಪ್ರಸಂಗದಲ್ಲೂ ಬರುವುದರಿಂದ ಅದು ಯಾವುದೇ ಒಂದು ಮತದ ಸೊತ್ತಲ್ಲವೆಂಬುದು ಸ್ಪಷ್ಟ. ಪಾಲಿ ಪಠ್ಯಕ್ಕೆ ವಿಶಿಷ್ಟವಾಗಿರುವುದು ರಾಣಿ ಸೀವಲಿಯ ಪಾತ್ರದ ವಿಸ್ತಾರ. ಅವಳು ಅರಸನನ್ನು ಬಿಡದೆ ಹಿಂಬಾಲಿಸುತ್ತಾಳೆ. ಹಳೆಯ ಮನೆಗಳಿಗೆ ಬೆಂಕಿ ಇಡಿಸಿ ಊರು ಉರಿಯುತ್ತಿದೆಯೆಂದು ನಂಬಿಸಲು ನೋಡುತ್ತಾಳೆ. ಒಂಟಿ ಬಳೆ ಸದ್ದು ಮಾಡದು, ಜೋಡಿ ಬಳೆ ಸದ್ದು ಮಾಡುತ್ತದೆ ಎಂಬ ದೃಷ್ಟಾಂತವನ್ನು ದಾರಿಯಲ್ಲಿ ಸಿಕ್ಕ ಹುಡುಗಿಯೊಬ್ಬಳ ಕೈ ನೋಡಿ ಅರಸ ತೋರಿಸಿದರೂ ಅವಳು ಹಿಂದಿರುಗುವುದಿಲ್ಲ. ಕೊನೆಗೆ ಅವನು ಮುಂಜಿಹುಲ್ಲಿನ ದಂಟನ್ನು ಮುರಿದು, ಇದು ಮತ್ತೆ ಕೂಡದು ಎನ್ನುತ್ತಾನೆ. ಅವಳು ಮೂರ್ಛೆ ಹೋಗಿರುವಾಗ ಕಾಡನ್ನು ಸೇರುತ್ತಾನೆ. ಅರಸನ ವೈರಾಗ್ಯ ಕಥೆಯ ಉದ್ದಿಷ್ಟ ಆಶಯ. ಆದರೆ ಕಥನದ ಬಹುಭಾಗವನ್ನು ತುಂಬಿರುವುದು ಬಿಡಲಾರದವಳ ಹೆಜ್ಜೆಗಳು. ಹೇಳುವವರೂ ಕೇಳುವವರೂ ಅವಳ ಜೊತೆ ನಡೆದಿದ್ದಾರೆ.

ವೆಸ್ಸಂತರ ಜಾತಕ ಸಂಗ್ರಹದ ಕೊನೆಯ ಕಥೆ, ದಾನಪಾರಮಿತೆಯ ಶಿಖರ. ಸಿವಿ ರಾಜ್ಯದ ರಾಜಕುಮಾರ ಮಳೆ ತರುವ ಬಿಳಿಯಾನೆಯನ್ನು ಕಳಿಂಗದ ಬ್ರಾಹ್ಮಣರಿಗೆ ಕೊಟ್ಟು ಜನರ ಕೋಪಕ್ಕೆ ಗುರಿಯಾಗಿ ಕಾಡುಪಾಲಾಗುತ್ತಾನೆ. ದಾರಿಯಲ್ಲಿ ಕುದುರೆ, ರಥಗಳನ್ನು ಕೊಡುತ್ತಾನೆ. ವಂಕ ಪರ್ವತದ ಆಶ್ರಮಕ್ಕೆ ಜೂಜಕನೆಂಬ ಮುದಿ ಬ್ರಾಹ್ಮಣ, ಎಳೆಯ ಹೆಂಡತಿಯ ಒತ್ತಾಯದಿಂದ, ಆಳುಗಳಾಗಿ ಮಕ್ಕಳನ್ನು ಬೇಡಲು ಬರುತ್ತಾನೆ. ತಾಯಿ ಮದ್ದಿ ಹಣ್ಣುಹಂಪಲು ತರಲು ಹೋದ ಹೊತ್ತು. ಜಾಲಿ, ಕಣ್ಹಾಜಿನಾ ಇಬ್ಬರೂ ಹೆದರಿ ಕೊಳದಲ್ಲಿ ಅವಿತುಕೊಂಡರೂ ತಂದೆ ಕರೆದು ಕೊಟ್ಟುಬಿಡುತ್ತಾನೆ. ಜೂಜಕ ಬಳ್ಳಿಯಿಂದ ಕಟ್ಟಿ ಹೊಡೆಯುತ್ತಾ ಎಳೆದೊಯ್ಯುತ್ತಾನೆ. ಮುಂದೆ ಶಕ್ರನು ವೇಷ ಮರೆಸಿಕೊಂಡು ಬಂದಾಗ ಮದ್ದಿಯನ್ನೂ ಕೊಡುತ್ತಾನೆ. ಕೊನೆಗೆ ಎಲ್ಲವೂ ಮರಳಿ ದೊರೆಯುತ್ತದೆ.

ಲೋಭಿಯಾದ ಜೂಜಕ ಹಿಡಿಯಲು ಬಂದವನು, ವೆಸ್ಸಂತರ ಬಿಡಲು ಕಾದವನು. ಈ ಇಬ್ಬರ ನಡುವೆ ಮಕ್ಕಳು ವಸ್ತುಗಳಾಗುತ್ತಾರೆ. ಬಿಟ್ಟವನು ವೆಸ್ಸಂತರನಾದರೂ ಬೆಲೆ ತೆತ್ತವರು ಮಕ್ಕಳು. ಈ ಆಕ್ಷೇಪ ಇಂದಿನ ಓದುಗರ ಸೃಷ್ಟಿಯಲ್ಲ. ಮಿಲಿಂದಪಞ್ಹದಲ್ಲಿ ಅರಸ ಮಿಲಿಂದನು ಪರರನ್ನು ನೋಯಿಸಿ ಮಾಡಿದ ಈ ದಾನ ಸರಿಯೇ ಎಂದು ನಾಗಸೇನನನ್ನು ಕೇಳುತ್ತಾನೆ. ನಾಗಸೇನ ದೀರ್ಘವಾಗಿ ಸಮರ್ಥಿಸಬೇಕಾಗುತ್ತದೆ. ಜಾತಕದೊಳಗೂ, ಮಕ್ಕಳ ಗೋಳನ್ನು ಕಂಡ ವೆಸ್ಸಂತರನಿಗೆ ಒಂದು ಗಳಿಗೆ ಜೂಜಕನನ್ನು ಕೊಂದು ಮಕ್ಕಳನ್ನು ತಂದುಬಿಡಲೇ ಎನಿಸುತ್ತದೆ. ಅಂಟಿಲ್ಲದವನ ಕಥೆಯಲ್ಲ ಇದು, ಅಂಟನ್ನು ನುಂಗಿಕೊಂಡವನ ಕಥೆ. ಸಮರ್ಥನೆಗಿಂತ ಹೆಚ್ಚು ಕಾಲ ಕೇಳುಗರ ನೆನಪಿನಲ್ಲಿ ಉಳಿಯುವುದು ಕೊಳದ ನೀರಿನಲ್ಲಿ ಅವಿತ ಮಕ್ಕಳು.

ಕನ್ನಡದ 'ಕೆರೆಗೆ ಹಾರ' ಕಥನಗೀತೆಯನ್ನು ಇದರ ಎದುರಿಗಿಡುವುದು ಉಚಿತ. ಇವೆರಡರ ನಡುವೆ ಪ್ರಭಾವದ ಸಂಬಂಧವಿದೆಯೆಂದು ಇಲ್ಲಿ ವಾದಿಸುತ್ತಿಲ್ಲ. ಒಂದೇ ನೈತಿಕ ಸಮಸ್ಯೆಯನ್ನು ಎರಡು ಪರಂಪರೆಗಳು ಎದುರಿಸಿದ ಬಗೆಯನ್ನಷ್ಟೇ ಹೋಲಿಸಲಾಗುತ್ತಿದೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದೆ, ಸೊಸೆಯನ್ನು ಬಲಿಕೊಡಬೇಕೆಂಬ ಮಾತು ಬಂದು, ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಆ ಹೊರೆ ಬೀಳುತ್ತದೆ. ಊರಿಗೆ ನೀರು ಬರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿಬಂದು, ಹೆಂಡತಿಯಿಲ್ಲದ್ದನ್ನು ಅರಿತು, ಅದೇ ಕೆರೆಗೆ ಹಾರುತ್ತಾನೆ.

ಎರಡೂ ಕಡೆ ದೊಡ್ಡದೊಂದು ಒಳಿತಿಗಾಗಿ ಹಿರಿಯರು ತಮ್ಮ ಅಧಿಕಾರದಲ್ಲಿರುವ ಜೀವವನ್ನು ಕೊಡುತ್ತಾರೆ. ಎರಡೂ ಕಡೆ ಕೊಡಲ್ಪಟ್ಟವರಿಗೆ ಆಯ್ಕೆಯಿಲ್ಲ. ಆದರೆ ಜಾತಕ ಕಳೆದುಹೋದದ್ದನ್ನೆಲ್ಲ ಮರಳಿಸಿ ದಾನಿಯ ಹಿರಿಮೆಯನ್ನು ಉಳಿಸಿಕೊಡುತ್ತದೆ. ಕಥನಗೀತೆ ಏನನ್ನೂ ಮರಳಿಸುವುದಿಲ್ಲ. ತುಂಬಿದ ಕೆರೆಯೂ ನಿಜ, ಅದರಲ್ಲಿರುವ ಇಬ್ಬರೂ ನಿಜ. ಹಾಡುವ ಹೆಣ್ಣುಮಕ್ಕಳ ಸಹಾನುಭೂತಿ ಕೊಟ್ಟವರ ಕಡೆಗಿಲ್ಲ, ಹೋದವಳ ಕಡೆಗಿದೆ. ಮಾದೇವರಾಯನ ಅಂಟನ್ನು ಹಾಡು ದೌರ್ಬಲ್ಯವೆಂದು ಕಾಣುವುದಿಲ್ಲ. ಆ ಮನೆಯಲ್ಲಿ ಅವಳಿಗಾಗಿ ಉಳಿದ ಒಂದೇ ನ್ಯಾಯ ಅದು. ಅಂಟೆಲ್ಲವೂ ಬಂಧನ, ಬಿಡುವುದೆಲ್ಲವೂ ಬಿಡುಗಡೆ ಎಂಬ ಸರಳ ಸಮೀಕರಣಕ್ಕೆ ಜನಪದರು ಕೊಟ್ಟ ತಿದ್ದುಪಡಿಯೆಂದು ಇದನ್ನು ಓದಬಹುದು.

೬

ಈ ತಿದ್ದುಪಡಿ ಬೌದ್ಧ ಚಿಂತನೆಗೆ ಹೊರಗಿನದೂ ಅಲ್ಲ. ನಾಲ್ಕು ಬಗೆಯ ಉಪಾದಾನಗಳ ಪಟ್ಟಿಯಲ್ಲಿ ಕಾಮೋಪಾದಾನ ಒಂದು ಮಾತ್ರ. ಉಳಿದವು ದೃಷ್ಟಿಯ ಹಿಡಿತ, ಶೀಲವ್ರತಗಳ ಹಿಡಿತ, ಆತ್ಮವಾದದ ಹಿಡಿತ. ಅಂದರೆ ವ್ರತವನ್ನೂ, ತ್ಯಾಗಿಯೆಂಬ ತನ್ನ ಚಿತ್ರವನ್ನೂ ಮನುಷ್ಯ ಚಿನ್ನದ ಬಟ್ಟಲಿನಷ್ಟೇ ಬಿಗಿಯಾಗಿ ಹಿಡಿಯಬಲ್ಲ. ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯಬೇಕಿಲ್ಲವೆಂದು ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತ ಧರ್ಮವನ್ನೇ ಕುರಿತು ಹೇಳುತ್ತದೆ. ಈ ಅಳತೆಯಿಂದ ನೋಡಿದರೆ, ಬೋಧಿಯನ್ನು ಪಡೆಯುವ ಹಂಬಲದಿಂದ ಮಕ್ಕಳನ್ನು ಕೊಟ್ಟ ವೆಸ್ಸಂತರನಿಗಿಂತ ಮೊಂಡ ಗುದ್ದಲಿಯನ್ನು ಕಣ್ಣು ಮುಚ್ಚಿ ಎಸೆದ ತೋಟಗಾರ ಬಿಡುಗಡೆಗೆ ಹತ್ತಿರದವನಾಗಿ ತೋರುತ್ತಾನೆ. ಅವನು ಎಸೆದದ್ದು ತನ್ನದನ್ನು. ಅದಕ್ಕಾಗಿ ಅತ್ತವರು ಯಾರೂ ಇಲ್ಲ.

ಈವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಜಾತಕಗಳ ಲೋಭವಿಮರ್ಶೆ 'ಅತಿ ಆಸೆ'ಯ ವಿಮರ್ಶೆಗಿಂತ ಭಿನ್ನ. ಅದು ಸಂಪತ್ತನ್ನು ನಿರಾಕರಿಸುವುದಿಲ್ಲ, ಹಿಡಿಯುವ ಬಗೆಯನ್ನೂ ಅದರ ಹಿಂದಿನ ಭಯವನ್ನೂ ಪರೀಕ್ಷಿಸುತ್ತದೆ. ಎರಡು, ಅಂಟಿಗೆ ವಸ್ತುವಿನ ಬೆಲೆ ಮುಖ್ಯವಲ್ಲ. ಬದಲಾದ ಕಾಲವನ್ನು ಒಪ್ಪದ ಮನಸ್ಸು ಮುಖ್ಯ. ಮೂರು, ತ್ಯಾಗದ ಮೌಲ್ಯವನ್ನು ನಿರ್ಧರಿಸುವಾಗ ಬಿಟ್ಟದ್ದು ಎಷ್ಟು ಎಂಬುದಕ್ಕಿಂತ ಬಿಟ್ಟದ್ದು ಯಾರದ್ದು ಎಂಬ ಪ್ರಶ್ನೆ ಮೊದಲು ಬರಬೇಕು.

ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದ ಸುಣ್ಣಗಲ್ಲಿನ ಫಲಕಗಳಲ್ಲಿ ಜಾತಕದ ದೃಶ್ಯಗಳು ದೊರೆತ ಮೇಲೆ, ಈ ಕಥೆಗಳನ್ನು ಕನ್ನಡ ನಾಡಿಗೆ ಹೊರಗಿನವೆಂದು ಭಾವಿಸುವ ಕಾರಣ ಉಳಿದಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಭೀಮಾ ತೀರದ ಜನ ಅವನ್ನು ಕಲ್ಲಿನಲ್ಲಿ ಕಂಡಿದ್ದಾರೆ. ಬಾಯಿಮಾತಿನಲ್ಲಿ ಕೇಳಿಯೂ ಇರಬೇಕು. ನಮ್ಮ ಕಥನಗೀತೆ, ಗಾದೆ, ಅಜ್ಜಿಕಥೆಗಳ ಪಕ್ಕದಲ್ಲಿ ಜಾತಕಗಳನ್ನಿಟ್ಟು, ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂಬುದನ್ನು ಪ್ರದೇಶವಾರು ಸಂಗ್ರಹಗಳ ಆಧಾರದಿಂದ ಪರಿಶೀಲಿಸುವ ಕೆಲಸ ಕನ್ನಡ ಜಾನಪದ ಅಧ್ಯಯನದ ಮುಂದಿದೆ. ಆ ಕೆಲಸ ನಡೆದರೆ 'ಆಸೆಯೇ ದುಃಖಕ್ಕೆ ಮೂಲ' ಎಂಬ ಮಾತು ಗೋಡೆಬರಹವಾಗಿ ಉಳಿಯದೆ ಮತ್ತೆ ಒಂದು ಪ್ರಶ್ನೆಯಾದೀತು.